ಎರಡು ಬ್ರೇಕಿನ ಕಾರಿನ ಯೆರ್ ಖಾಲಾ

ಯೆರ್ ಥಾವ್ ಮೊದಲ ದಿನ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೇಳಿದ ಮಾತು ಇಷ್ಟೇ: "ತಪ್ಪು ಮಾಡಿದ್ರೆ ಬೈತೀನಿ. ಅತ್ತರೆ ಇಳಿಸಿಬಿಡ್ತೀನಿ. ಕನ್ನಡಿ ಸರಿ ಮಾಡ್ಕೋ."

ಕನ್ನಡಿ ಸರಿ ಮಾಡಿಕೊಂಡೆ. ಅದರಲ್ಲಿ ನಮ್ಮ ವಠಾರದ ಮಹಡಿ ಮೆಟ್ಟಿಲು ಕಾಣಿಸಿತು. ಮೆಟ್ಟಿಲ ಮೇಲೆ ನನ್ನ ಗಂಡ ಹಶ್ಮತ್ ಕೈ ಕಟ್ಟಿ ನಿಂತಿದ್ದ. ಅವನ ಹಿಂದೆ ಕಾಬೂಲಿನವರು, ಕುಂದೂಜಿನವರು ಅಂತ ಇನ್ನೂ ನಾಲ್ಕು ಗಂಡಸರು. ಆ ವಠಾರದ ಅರವತ್ತು ಮನೆಗಳಲ್ಲಿ ನಲವತ್ತು ನಮ್ಮ ಅಫ್ಘಾನರವು. ಅವತ್ತು ಭಾನುವಾರ, ಯಾರಿಗೂ ಕೆಲಸವಿರಲಿಲ್ಲ. ಹೆಂಗಸೊಬ್ಬಳು ಕಾರು ಕಲಿಯುವುದನ್ನು ಬಿಟ್ಟಿಯಾಗಿ ನೋಡುವ ಅವಕಾಶ ಯಾರು ಬಿಟ್ಟಾರು!

"ಅವರನ್ನ ಯಾಕೆ ನೋಡ್ತೀಯ? ಅವರೇನು ರಸ್ತೆಗೆ ಅಡ್ಡ ಬರ್ತಾರಾ? ಮುಂದೆ ನೋಡು," ಎಂದರು ಯೆರ್.

ಅವರದು ಬಿಳಿಯ ಹಳೆಯ ಟೊಯೊಟಾ. ಕಲಿಸುವವರ ಕಾಲಿನ ಹತ್ತಿರ ಇನ್ನೊಂದು ಬ್ರೇಕು ಕೂರಿಸಿದ್ದರು. ಅರವತ್ತಮೂರು ವಯಸ್ಸಿನ, ನಾಲ್ಕೂಮುಕ್ಕಾಲು ಅಡಿ ಎತ್ತರದ ಆ ಹ್ಮಾಂಗ್ ಬುಡಕಟ್ಟಿನ ಹೆಂಗಸು ಸೊಂಟದ ಹಿಂದೆ ಒಂದು, ಕೆಳಗೆ ಒಂದು ದಿಂಬು ಇಟ್ಟುಕೊಂಡು ಕೂತಿರುತ್ತಿದ್ದರು. ಅವರ ನಂಬರು ನನಗೆ ಸಿಕ್ಕಿದ್ದು ನಮ್ಮವರ ರೊಟ್ಟಿ ಅಂಗಡಿಯ ಗೋಡೆಯ ಮೇಲೆ. "ಹೆಂಗಸರಿಗೆ ಹೆಂಗಸೇ ಕಲಿಸುತ್ತಾಳೆ" ಎಂದು ನಮ್ಮ ದರಿ ಭಾಷೆಯಲ್ಲಿ ಯಾರ ಕೈಯಲ್ಲೋ ಬರೆಸಿ ಅಂಟಿಸಿದ್ದರು. ಮೂರು ಅಕ್ಷರ ತಪ್ಪಿದ್ದವು.

ನಾನು ಪುಲ್-ಎ-ಖುಮ್ರಿಯವಳು. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಹೆರಿಗೆ ಮಾಡಿಸಿದವಳು, ಅದಕ್ಕಾಗಿಯೇ ಓದಿ ಪಾಸಾದವಳು. ಹಶ್ಮತ್ ಅಮೆರಿಕನ್ನರ ಸೇನಾ ಶಿಬಿರದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅವರು ಹೊರಟುಹೋದಾಗ ನಾವೂ ಹೊರಡಬೇಕಾಯಿತು. ಅಮೆರಿಕದ ಸ್ಯಾಕ್ರಮೆಂಟೊಗೆ ಬಂದ ಮೇಲೆ ನೆರವಿನ ಸಂಸ್ಥೆಯವರು ಮೂರು ತಿಂಗಳು ಕೈ ಹಿಡಿದರು. ಮನೆ ಹುಡುಕಿಕೊಟ್ಟರು, ಐದು ತಟ್ಟೆ, ಐದು ಲೋಟ, ಒಂದು ಸೋಫಾ ಕೊಟ್ಟರು. ನಾಲ್ಕನೆಯ ತಿಂಗಳಿಂದ ಎಲ್ಲ ನಮ್ಮ ತಲೆಯ ಮೇಲೆ. ಹಶ್ಮತ್ ಹಗಲು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ, ಸಂಜೆ ಕಾರಿನಲ್ಲಿ ಜನರ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಿದ್ದ. ದುಡಿದದ್ದರಲ್ಲಿ ಮುಕ್ಕಾಲು ಪಾಲು ಬಾಡಿಗೆಗೇ ಹೋಗುತ್ತಿತ್ತು.

ನನ್ನ ಓದಿಗೆ ಇಲ್ಲಿ ಬೆಲೆಯಿರಲಿಲ್ಲ. ಕೊನೆಗೆ ನದಿಯಾಚೆಯ ವೃದ್ಧರ ಮನೆಯೊಂದರಲ್ಲಿ, ಮುದುಕರಿಗೆ ಸ್ನಾನ ಮಾಡಿಸಿ ಊಟ ಕೊಡುವ ಕೆಲಸ ಕೊಡುತ್ತೇವೆ ಎಂದರು. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ನಮ್ಮ ಕಡೆಯಿಂದ ಮೊದಲ ಬಸ್ಸು ಹೊರಡುವುದೇ ಆರೂಕಾಲಿಗೆ.

"ಸಹರ್‌ಳ ಅಪ್ಪಾ, ನಾನು ಡ್ರೈವಿಂಗ್ ಕಲಿತೀನಿ," ಎಂದೆ. ಸಹರ್ ನಮ್ಮ ದೊಡ್ಡ ಮಗಳು.

ಹಶ್ಮತ್ ಚಹಾದ ಲೋಟ ಕೆಳಗಿಟ್ಟ. "ಕಲಿತು?"

"ಕೆಲ್ಸಕ್ಕೆ ಹೋಗ್ತೀನಿ. ನೀವು ಬಸೀರ್ ಜೊತೆ ಹೋಗಿ. ಹೇಗಿದ್ರೂ ಒಂದೇ ಗೋದಾಮು."

ಬಸೀರ್ ಅವನ ಚಿಕ್ಕಪ್ಪನ ಮಗ, ಮುಂದಿನ ಬೀದಿಯಲ್ಲೇ ಇದ್ದ.

"ಜನ ಏನಂತಾರೆ?"

"ಬಾಡಿಗೆ ಕಟ್ಟೋ ದಿನ ಆ ಜನ ಎಲ್ಲಿರ್ತಾರೆ?"

ಅವನು ಲೋಟ ಮತ್ತೆ ಎತ್ತಿಕೊಂಡ. "ಕಲಿಸೋರು ಗಂಡಸಾದ್ರೆ ಬೇಡ," ಎಂದ. ನಾನು ರೊಟ್ಟಿ ಅಂಗಡಿಯ ನಂಬರು ತೋರಿಸಿದೆ.

ನಮ್ಮಲ್ಲಿ ತಾಯಿಯ ಅಕ್ಕತಂಗಿಯರಿಗೆ ಖಾಲಾ ಎನ್ನುತ್ತಾರೆ. ಎರಡನೆಯ ಪಾಠಕ್ಕೇ ನಾನು ಯೆರ್ ಅವರನ್ನು ಹಾಗೆ ಕರೆಯತೊಡಗಿದೆ. ಅದೇನೆಂದು ಅವರು ಕೇಳಲೂ ಇಲ್ಲ. ನಮ್ಮಿಬ್ಬರದೂ ಹರಕು ಇಂಗ್ಲಿಷ್. ಬೇರೆ ಬೇರೆ ಕಡೆ ಹರಿದದ್ದರಿಂದ ಹೇಗೋ ಹೊಂದಿಕೊಂಡಿತು. ಅವರ ಮಾತನ್ನು ಇಲ್ಲಿ ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ, ಬೈಗುಳ ಮಾತ್ರ ಇದ್ದ ಹಾಗೇ ಇದೆ.

"ಇದೇನು ನಡಿಗೆ, ಹೆಣ ಹೊತ್ಕೊಂಡು ಹೋಗ್ತಿದೀಯಾ? ಒತ್ತು!"

"ಖಾಲಾ, ಮುಂದೆ ಲಾರಿ ಇದೆ."

"ಲಾರಿ ಅರ್ಧ ಮೈಲಿ ದೂರ ಇದೆ. ಅದು ನಿನ್ನ ಹೆಸ್ರೂ ಕೇಳಿಲ್ಲ. ಒತ್ತು!"

ಕೆಂಪು ದೀಪದಲ್ಲಿ ನಿಂತಾಗ, ಖಾಲಿ ಮೈದಾನದಲ್ಲಿ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಯುವಾಗ, ಅವರ ಕತೆ ಚೂರುಚೂರಾಗಿ ಹೊರಬಂತು. ಅವರು ಲಾವೋಸ್ ದೇಶದ ಬೆಟ್ಟದ ಮೇಲೆ ಹುಟ್ಟಿದವರು. ಹ್ಮಾಂಗ್ ಗಂಡಸರು ಅಮೆರಿಕನ್ನರ ಕಡೆ ಸೇರಿ ಹದಿನೈದು ವರ್ಷ ಕಾಡಿನಲ್ಲಿ ಯುದ್ಧ ಮಾಡಿದ್ದರು. ಅಮೆರಿಕನ್ನರು ಹೊರಟುಹೋದ ಮೇಲೆ ಇವರ ಬೇಟೆ ಶುರುವಾಯಿತು. ಹದಿನಾರು ವರ್ಷದ ಯೆರ್ ಬಿದಿರಿನ ತೆಪ್ಪ ಹಿಡಿದು ಮೆಕಾಂಗ್ ನದಿ ದಾಟಿದರು. ಥಾಯ್ಲೆಂಡಿನ ಬಾನ್ ವಿನಾಯ್ ಶಿಬಿರದಲ್ಲಿ ಐದು ವರ್ಷ ಕಳೆದರು. ಅಲ್ಲೇ ಚೂ ಲೋರ್ ಎಂಬವನ ಜೊತೆ ಮದುವೆಯಾಯಿತು, ಅಲ್ಲೇ ಎರಡು ಮಕ್ಕಳಾದವು. ಇಲ್ಲಿಗೆ ಬಂದಾಗ ಇಪ್ಪತ್ತೊಂದು ವಯಸ್ಸು.

"ನಿಂಗೆ ಓದೋಕೆ ಬರ್ತಿತ್ತು ಬಂದಾಗ," ಎಂದರು ಒಂದು ದಿನ. "ನಂಗೆ ಯಾವ ಭಾಷೆಯ ಅಕ್ಷರಾನೂ ಗೊತ್ತಿರಲಿಲ್ಲ. ಪೆನ್ಸಿಲ್ ಹಿಡಿದಿದ್ದೇ ಇಲ್ಲಿ. ಎಡಕ್ಕೆ ತಿರುಗು. ಎಡ! ಅದು ನಿನ್ನ ಬಲಗೈ ಮಾರಾಯ್ತಿ!"

ಮೂವತ್ತೊಂದನೆಯ ವಯಸ್ಸಿನಲ್ಲಿ ಅವರಿಗೆ ಏಳು ಮಕ್ಕಳು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಚೂ ಕುಸಿದು ಬಿದ್ದ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿತ್ತು. ಬಾಗಿಲ ಮುಂದೆ ಕಾರು ನಿಂತಿತ್ತು, ಬೀಗದಕೈ ಮೊಳೆಗೆ ತೂಗುತ್ತಿತ್ತು. ಓಡಿಸುವವನು ನೆಲದ ಮೇಲೆ ಬಿದ್ದಿದ್ದ. ಫೋನಿನಲ್ಲಿ ಇಂಗ್ಲಿಷ್ ಮಾತಾಡಲು ಬಾರದೆ ಯೆರ್ ಬೀದಿಗೆ ಓಡಿ, ಸಿಕ್ಕವರ ತೋಳು ಹಿಡಿದು ಎಳೆದುಕೊಂಡು ಬಂದರು. ಅಷ್ಟರಲ್ಲಿ ತಡವಾಗಿತ್ತು. ಚೂ ಬದುಕಿದ, ಆದರೆ ತೀರಿಕೊಳ್ಳುವವರೆಗೆ, ಮುಂದಿನ ಹನ್ನೆರಡು ವರ್ಷ, ಹಾಸಿಗೆಯಲ್ಲಿ.

"ಮಾರನೇ ವಾರವೇ ಕಲಿಯೋಕೆ ಶುರು ಮಾಡಿದೆ," ಎಂದರು. ಬರೆಯುವ ಪರೀಕ್ಷೆಯಲ್ಲಿ ಏಳು ಸಲ ಫೇಲಾದರು. ದೊಡ್ಡ ಮಗಳು ನಿಯಮಗಳ ಪುಸ್ತಕವನ್ನು ಓದಿ ಹೇಳುತ್ತಿದ್ದಳು, ಇವರು ಟೊಮೇಟೊ ಹೊಲದಲ್ಲಿ ಕಾಯಿ ಕೀಳುತ್ತಾ ಬಾಯಿಪಾಠ ಮಾಡುತ್ತಿದ್ದರು. ಎಂಟನೆಯ ಸಲ ಪಾಸಾಯಿತು. ಕಾರು ಓಡಿಸುವ ಪರೀಕ್ಷೆ ಮೊದಲ ಸಲಕ್ಕೇ ಮುಗಿಯಿತು. ಆಮೇಲೆ ಆರು ವರ್ಷ ಸಂಜೆ ದೊಡ್ಡವರ ಶಾಲೆಗೆ ಹೋಗಿ ಓದು ಕಲಿತು, ಕಲಿಸುವವರ ಪರೀಕ್ಷೆಯನ್ನೂ ಕಟ್ಟಿದರು. ಅವರ ಹತ್ತಿರ ಕಲಿಯಲು ಬಂದವರು ಮೊದಲು ಹ್ಮಾಂಗ್ ಹೆಂಗಸರು, ಆಮೇಲೆ ಉಕ್ರೇನಿನವರು, ಈಗ ನಾವು.

ನನ್ನ ಕತೆ ತಿರುವುಮುರುವು. ಬರೆಯುವ ಪರೀಕ್ಷೆಯನ್ನು ಒಂದೇ ಸಲಕ್ಕೆ ಮುಗಿಸಿದ್ದೆ. ಓಡಿಸುವ ಪರೀಕ್ಷೆಯ ದಿನ, ನಾಲ್ಕು ದಾರಿ ಕೂಡುವಲ್ಲಿ ಹಿಂದಿನಿಂದ ಆಂಬುಲೆನ್ಸಿನ ಕೂಗು ಕೇಳಿಸಿತು. ನಮ್ಮೂರಿನಲ್ಲಿ ಆ ಕೂಗು ಕೇಳಿದರೆ, ಎಲ್ಲೋ ಬಾಂಬು ಬಿದ್ದಿದೆ, ಇನ್ನು ಹತ್ತು ನಿಮಿಷಕ್ಕೆ ಆಸ್ಪತ್ರೆಯ ಅಂಗಳ ತುಂಬುತ್ತದೆ ಎಂದು ಅರ್ಥ. ನನ್ನ ಕಾಲು ಬ್ರೇಕನ್ನು ಒತ್ತಿ ಹಿಡಿಯಿತು. ಕಾರು ನಟ್ಟನಡುವೆ ನಿಂತುಬಿಟ್ಟಿತು. ಪರೀಕ್ಷಕ ಕಾಗದದ ಮೇಲೆ ಗೀಟು ಹಾಕಿದ.

"ಸಾಕು ಬಿಡು," ಎಂದ ಹಶ್ಮತ್. ಸಿಟ್ಟಿನಿಂದ ಹೇಳಲಿಲ್ಲ, ದಣಿದು ಹೇಳಿದ. ಅದಕ್ಕೇ ನನಗೆ ಎದುರಾಡಲು ಆಗಲಿಲ್ಲ. ಮುಂದಿನ ಪಾಠಕ್ಕೆ ನಾನು ಕೆಳಗಿಳಿಯಲಿಲ್ಲ.

ಅರ್ಧ ಗಂಟೆ ಕಾದು ಖಾಲಾ ಮಹಡಿ ಹತ್ತಿ ಬಂದರು. ಚಹಾ ಕೊಟ್ಟೆ. ಮಕ್ಕಳ ಹೆಸರು ಕೇಳಿದರು. ನನ್ನ ಫೇಲಿನ ಮಾತೇ ಎತ್ತಲಿಲ್ಲ. ಹೊರಡುವಾಗ ಹಶ್ಮತ್ ಕಡೆ ತಿರುಗಿ, "ನಿಂಗೆ ಕೋಳಿ ಕೊಯ್ಯೋಕೆ ಬರುತ್ತಾ?" ಎಂದರು.

ಅವನು ಬೆಪ್ಪಾದ. "ಬರುತ್ತೆ."

"ಭಾನುವಾರ ನಮ್ಮನೆಗೆ ಬಾ. ನೀವು ನಮ್ಮ ಕೈಯಲ್ಲಿ ಸತ್ತ ಕೋಳಿ ತಿನ್ನಲ್ಲ ಅಂತ ಗೊತ್ತು. ಜೀವಂತ ತಂದಿಟ್ಟಿರ್ತೀನಿ, ನೀನೇ ನಿಮ್ಮ ದೇವರ ಹೆಸ್ರು ಹೇಳಿ ಕೊಯ್ಯಿ."

ಹೋದೆವು. ದಕ್ಷಿಣದ ಕಡೆ ಅವರದು ಸ್ವಂತ ಮನೆ. ಹಿತ್ತಲು ತುಂಬ ಸಾಸಿವೆ ಸೊಪ್ಪು, ನಿಂಬೆಹುಲ್ಲು, ಕೊತ್ತಂಬರಿ. ಅಲ್ಲಿ ಖಾಲಾರ ಭಾವ, ಅಂದರೆ ಚೂನ ಅಣ್ಣ, ನೆಂಗ್ ಲೋರ್ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು. ಎಪ್ಪತ್ತೇಳು ವಯಸ್ಸು, ಕುಂಟು ಕಾಲು, ತಲೆಯ ಮೇಲೆ ಸೈನಿಕರ ಹಳೆಯ ಟೋಪಿ. ಹಶ್ಮತ್ ಎರಡು ಕೋಳಿ ಕೊಯ್ದ. ಅಜ್ಜ ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳತೊಡಗಿದರು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಸೊಪ್ಪು ಹೆಚ್ಚುತ್ತಿದ್ದೆ, ಮಾತೆಲ್ಲ ಕಿವಿಗೆ ಬೀಳುತ್ತಿತ್ತು.

"ನಿಮಗೇನಪ್ಪ," ಎಂದರು ಅಜ್ಜ. "ಬರ್ತಾನೇ ಇಂಗ್ಲಿಷು, ಕೈಯಲ್ಲಿ ಫೋನು. ವಿಮಾನದಲ್ಲಿ ಬಂದ್ರಿ, ಕಾರು ಹತ್ತಿದ್ರಿ. ನಾವು ಬಂದಾಗ ಒಲೆ ಹಚ್ಚೋದು ಹೇಗೆ ಅಂತ್ಲೂ ಗೊತ್ತಿರಲಿಲ್ಲ."

"ವಿಮಾನ ಹತ್ತೋಕೆ ಮುಂಚೆ ಎರಡು ದಿನ ನಿಲ್ದಾಣದ ಹೊರಗಿನ ಚರಂಡಿಯಲ್ಲಿ ನಿಂತಿದ್ವಿ ಅಜ್ಜ. ಸೊಂಟದ ತನಕ. ಮಕ್ಕಳು ಹೆಗಲ ಮೇಲೆ."

"ನಾವು ನದೀಲಿ ನಿಂತಿದ್ವಿ. ಕತ್ತಿನ ತನಕ."

ಹಶ್ಮತ್ ಸೋಲುವವನಲ್ಲ. "ಅಲ್ಲಿ ನಾನು ಉಗ್ರಾಣದ ಮುಖ್ಯಸ್ಥ. ನನ್ನ ಕೈಕೆಳಗೆ ಹದಿನೆಂಟು ಜನ. ಇಲ್ಲಿ ಪೆಟ್ಟಿಗೆ ಎತ್ತೋ ಕೂಲಿ."

"ನನ್ನ ಕೈಕೆಳಗೆ ನಲವತ್ತು ಜನ. ಎಲ್ಲರ ಕೈಯಲ್ಲೂ ಬಂದೂಕು. ಇಲ್ಲಿ ಕೋಳಿ ಕಾರ್ಖಾನೆಯಲ್ಲಿ ಕತ್ತು ಕತ್ತರಿಸ್ತಾ ನಿಂತೆ. ಅದೂ ನಾಲ್ಕು ವರ್ಷ ಕೆಲ್ಸ ಸಿಗದೆ ಸುಮ್ನೆ ಕೂತ ಮೇಲೆ."

"ಆ ನಾಲ್ಕು ವರ್ಷ ಊಟಕ್ಕೆ?"

"ಸರ್ಕಾರ ಕೊಡ್ತು."

"ನೋಡಿ ಮತ್ತೆ! ನಮ್ಮನ್ನ ಮೂರು ತಿಂಗಳಿಗೆ ಕೈಬಿಟ್ರು. ಈಗ ದಿನಸಿ ಚೀಟಿ ಒಂದೇ."

ಅಜ್ಜ ಪುಕ್ಕ ಕೀಳುವುದನ್ನು ನಿಲ್ಲಿಸಿದರು. "ಬಾಡಿಗೆ ಎಷ್ಟು ಕಟ್ತೀಯ?"

"ಎರಡು ಸಾವಿರದ ನೂರು ಡಾಲರ್."

"ವರ್ಷಕ್ಕಾ?"

"ತಿಂಗಳಿಗೆ ಅಜ್ಜ."

ಅಜ್ಜ ಕಿಟಕಿಯ ಕಡೆ ತಿರುಗಿ ಹ್ಮಾಂಗ್ ಭಾಷೆಯಲ್ಲಿ ಖಾಲಾರನ್ನು ಏನೋ ಕೇಳಿದರು. ಅವರು ಹೌದೆಂದು ತಲೆಯಾಡಿಸಿದರು. ಅಜ್ಜ ಮತ್ತೆ ಕೋಳಿ ಎತ್ತಿಕೊಂಡರು. "ನಾನು ಬಂದಾಗ ಇನ್ನೂರಿಪ್ಪತ್ತು ಕಟ್ತಿದ್ದೆ. ಆಯ್ತು, ಇದೊಂದರಲ್ಲಿ ನೀನು ಗೆದ್ದೆ."

"ಯಾರು ಜಾಸ್ತಿ ಕಷ್ಟಪಟ್ಟೋರು ಅಂತ ಪದಕ ಹಂಚೋಕೆ ಇಲ್ಲಿ ಯಾರೂ ಕೂತಿಲ್ಲ!" ಖಾಲಾ ಒಳಗಿನಿಂದಲೇ ಕೂಗಿದರು. "ನೀರು ಕುದ್ದು ಬತ್ತಿಹೋಗ್ತಿದೆ. ಕೋಳಿ ತನ್ನಿ."

ಊಟಕ್ಕೆ ಸೊಪ್ಪು ಹಾಕಿ ಬೇಯಿಸಿದ ಕೋಳಿ, ಕೈಯಲ್ಲಿ ಉಂಡೆ ಮಾಡಿ ತಿನ್ನುವ ಅಂಟಕ್ಕಿ ಅನ್ನ, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನ ಚಟ್ನಿ. ಈ ಮನೆ ಕೊಂಡದ್ದು ಹೇಗೆಂದು ಹಶ್ಮತ್ ಕೇಳಿದ. ಒಬ್ಬರಿಂದ ಆಗಲಿಲ್ಲ ಎಂದರು ಅಜ್ಜ. ಲೋರ್ ಕುಲದ ನಾಲ್ಕು ಮನೆಯವರು, ದೊಡ್ಡವರು ಚಿಕ್ಕವರು ಎನ್ನದೆ ವಾರದ ಕೊನೆಯಲ್ಲೆಲ್ಲ ಹೊಲದಲ್ಲಿ ಟೊಮೇಟೊ ಕಿತ್ತರು. ಒಟ್ಟಿಗೆ ಕೂಡಿಟ್ಟು ಮೊದಲು ಒಂದು ಮನೆ ಕೊಂಡರು, ಹದಿನೇಳು ಜನ ಅದರಲ್ಲೇ ಇದ್ದರು. ಕೆಲವು ವರ್ಷಕ್ಕೆ ಎರಡನೆಯದು, ಆಮೇಲೆ ಮೂರನೆಯದು.

"ನಮಗೆ ಕುಲ ಇತ್ತು," ಎಂದರು ಅಜ್ಜ.

"ನಮಗೂ ಇದೆ ಅಜ್ಜ. ಚಿಕ್ಕಪ್ಪನ ಮಗ ಒಬ್ಬನ್ನ ಬಿಟ್ರೆ ಎಲ್ಲ ಅಲ್ಲೇ ಉಳಿದಿದ್ದಾರೆ," ಎಂದ ಹಶ್ಮತ್. "ನನ್ನ ತಂದೆ, ಇಬ್ಬರು ತಂಗಿಯರು, ಇವಳ ತಾಯಿ. ಪ್ರತಿ ತಿಂಗಳು ಇಲ್ಲಿಂದ ನಾನು ಕಳಿಸಿದ್ರೆ ಅಲ್ಲಿ ಒಲೆ ಹತ್ತುತ್ತೆ. ಕೂಡಿಡೋದು ಯಾವುದನ್ನ?"

ಅಜ್ಜನ ಕುಲದಲ್ಲಿ ಬದುಕಿ ಉಳಿದವರೆಲ್ಲ ಆ ವೇಳೆಗೆ ಈ ಕಡೆ ದಾಟಿಬಂದಿದ್ದರು. ಅಜ್ಜ ಒಂದು ಕೋಳಿ ಕಾಲನ್ನು ಹಶ್ಮತ್‌ನ ತಟ್ಟೆಗೆ ಹಾಕಿದರು.

ಗೋಡೆಯ ಮೇಲೆ ಪದವಿ ಗೌನು ತೊಟ್ಟ ಐದು ಮಕ್ಕಳ ಫೋಟೊಗಳಿದ್ದವು. ಒಬ್ಬಳು ನರ್ಸು, ಒಬ್ಬ ಬ್ಯಾಂಕಿನಲ್ಲಿ. ನಾನು ಅದನ್ನೇ ನೋಡುತ್ತಿದ್ದುದನ್ನು ಖಾಲಾ ಗಮನಿಸಿದರು.

"ಎಷ್ಟಿವೆ ಎಣಿಸಿದೆಯಾ?"

"ಐದು."

"ಹೆತ್ತಿದ್ದು ಏಳು. ಒಬ್ಬ ಜೈಲಲ್ಲಿದಾನೆ. ಇನ್ನೊಬ್ಬ ಹತ್ತೊಂಬತ್ತಕ್ಕೇ ಹೋದ, ಬೀದಿ ಜಗಳದಲ್ಲಿ. ನಾನು ಹೊಲದಲ್ಲಿದ್ದೆ, ಅವರಪ್ಪ ಹಾಸಿಗೇಲಿದ್ದ. ಆ ಇಬ್ಬರನ್ನ ಸಾಕಿದ್ದು ಬೀದಿ." ದನಿ ಏರಲಿಲ್ಲ, ಇಳಿಯಲಿಲ್ಲ. "ಹ್ಮಾಂಗರು ಗೆದ್ದುಬಿಟ್ರು ಅಂತ ಯಾರಾದ್ರೂ ನಿಂಗೆ ಹೇಳಿದ್ರೆ, ಅರ್ಧ ನಂಬು. ನಮ್ಮವರಲ್ಲಿ ಈಗ್ಲೂ ಸರ್ಕಾರದ ಮನೇಲಿ, ಸರ್ಕಾರದ ಅನ್ನದಲ್ಲಿ ಇರೋರು ಬೇಕಾದಷ್ಟಿದಾರೆ. ನೀವು ದುಡೀರಿ, ಇಬ್ಬರೂ ದುಡೀರಿ. ಆದ್ರೆ ಮಕ್ಕಳು ಶಾಲೆಯಿಂದ ಬರೋ ಹೊತ್ತಿಗೆ ಒಬ್ಬರು ಮನೇಲಿರಿ. ಬೆಳಗಿನ ಪಾಳಿ ಸಿಕ್ಕಿದೆ ಅಂದ್ಯಲ್ಲ, ಮಧ್ಯಾಹ್ನ ಎರಡಕ್ಕೆ ಬಿಡ್ತಾರೆ. ಅಂಥಾದ್ದನ್ನ ಬಿಡ್ತಾರಾ ಯಾರಾದ್ರೂ?"

ಈ ಮಾತು ಅವರು ನನಗೆ ಹೇಳಿದ್ದು, ನೋಡಿದ್ದು ಹಶ್ಮತ್‌ನನ್ನು.

ಮನೆಗೆ ಹಿಂದಿರುಗುವಾಗ, ವಠಾರಕ್ಕೆ ಇನ್ನೂ ಎರಡು ಬೀದಿ ಇರುವಾಗ ಅವನು ಕಾರು ನಿಲ್ಲಿಸಿ ಇಳಿದ. "ಇಲ್ಲಿಂದ ನೀನು ಓಡ್ಸು," ಎಂದ. ಮೆಟ್ಟಿಲ ಮೇಲೆ ಅದೇ ಗಂಡಸರಿದ್ದರು. ನಾನು ಕಾರು ನಿಲ್ಲಿಸಿ ಇಳಿಯುವವರೆಗೂ ಹಶ್ಮತ್ ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಬೆವರುತ್ತಿದ್ದ, ಆದರೆ ನೆಟ್ಟಗೆ ಕೂತಿದ್ದ.

ಎರಡನೆಯ ಸಲವೂ ಫೇಲಾದೆ. ಈ ಸಲದ ತಪ್ಪು, ಅತಿ ನಿಧಾನ. ಅಷ್ಟರಲ್ಲಿ ವೃದ್ಧರ ಮನೆಯವರು ಕಾದು ಸಾಕಾಗಿ ಬೇರೆಯವರನ್ನು ತೆಗೆದುಕೊಂಡರು. ಆ ಫೋನು ಬಂದಾಗ ನಾನು ಖಾಲಾರ ಕಾರಿನಲ್ಲೇ ಇದ್ದೆ. ಅವರು ಮೊದಲ ದಿನ ಹೇಳಿದ್ದು ನೆನಪಿತ್ತು, ಕಣ್ಣೀರನ್ನು ನುಂಗಿಕೊಂಡೆ.

"ಈ ಊರಲ್ಲಿ ವೃದ್ಧರ ಮನೆ ಎಷ್ಟಿವೆ ಗೊತ್ತಾ?" ಎಂದರು ಖಾಲಾ. "ಮುದುಕರಾಗೋರು ದಿನಾ ಆಗ್ತಾನೇ ಇರ್ತಾರೆ. ಹೊರಡು."

ಮೂರು ಅವಕಾಶ ಮುಗಿದರೆ ಎಲ್ಲ ಹೊಸದಾಗಿ ಅರ್ಜಿ ಹಾಕಬೇಕು. ಉಳಿದದ್ದು ಒಂದೇ. ಮುಂದಿನ ಮೂರು ವಾರ ಖಾಲಾ ನನ್ನನ್ನು ದಿನಾ ಒಂದೇ ಜಾಗಕ್ಕೆ ಕರೆದುಕೊಂಡು ಹೋದರು. ಅದು ದೊಡ್ಡ ಆಸ್ಪತ್ರೆಯ ಸುತ್ತಲಿನ ರಸ್ತೆ. ಗಂಟೆಗೆ ನಾಲ್ಕೈದು ಆಂಬುಲೆನ್ಸು ಕೂಗುತ್ತಾ ಬರುವ ಜಾಗ. ಮೊದಲ ದಿನ ಕೂಗು ಕೇಳಿದೊಡನೆ ನಾನು ಬ್ರೇಕಿಗೆ ಕಾಲಿಟ್ಟೆ. ಅವರು ಬೈಯಲಿಲ್ಲ.

"ನೀನು ಆಸ್ಪತ್ರೇಲಿ ಕೆಲ್ಸ ಮಾಡ್ದೋಳು. ಅದು ಬಂದು ನಿಂತಾಗ ಏನು ಮಾಡ್ತಿದ್ದೆ?"

"ಬಾಗಿಲು ತೆಗೆದು ದಾರಿ ಬಿಡಿಸ್ತಿದ್ದೆ."

"ಅದನ್ನೇ ಮಾಡು. ಬಲಕ್ಕೆ ಸರಿ, ದಾರಿ ಬಿಡು, ನಿಲ್ಲು. ಅದು ಹೋದ ಮೇಲೆ ನೀನು ಹೊರಡು."

ಬಲಕ್ಕೆ ಸರಿದೆ, ದಾರಿ ಬಿಟ್ಟೆ, ನಿಂತೆ, ಹೊರಟೆ. ಮೂರು ವಾರದಲ್ಲಿ ಎಷ್ಟು ಸಲ ಎಂದು ಹೇಳಲಾರೆ. ಖಾಲಾ ಆ ಪಾಠಗಳಿಗೆ ಹಣ ತೆಗೆದುಕೊಳ್ಳಲಿಲ್ಲ. ನಾನು ಒತ್ತಾಯ ಮಾಡಿದಾಗ, "ಪೆಟ್ರೋಲು ಹಾಕ್ಸು, ಬಾಯಿ ಮುಚ್ಚು," ಎಂದರು. ಹೇಳಿದ ಎರಡನ್ನೂ ಮಾಡಿದೆ.

ಮೂರನೆಯ ಪರೀಕ್ಷೆ ಒಂದು ಮಂಗಳವಾರ. ಪರೀಕ್ಷಕಿ ನನಗಿಂತ ಚಿಕ್ಕ ವಯಸ್ಸಿನವಳು. ಇಪ್ಪತ್ತು ನಿಮಿಷ ಓಡಿಸಿದೆ. ಆಂಬುಲೆನ್ಸೇನೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು, ಅಷ್ಟು ಸಿದ್ಧಳಾಗಿದ್ದೆ. ಆರು ಸಣ್ಣ ತಪ್ಪು ಬರೆದು ಅವಳು ಪಾಸೆಂದಳು.

ಹೊರಗೆ ಕಾಯುತ್ತಿದ್ದ ಖಾಲಾಗೆ ಕಾಗದ ತೋರಿಸಿದೆ. ತಬ್ಬಿಕೊಳ್ಳುತ್ತಾರೆಂದುಕೊಂಡಿದ್ದೆ. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಆರೂ ತಪ್ಪುಗಳನ್ನು ಬೆರಳಿಟ್ಟು ಓದಿದರು. ಮಡಿಸಿ ಕೊಟ್ಟು, "ಹತ್ತು. ಇವತ್ತು ಹೆದ್ದಾರಿ," ಎಂದರು. ಹೆದ್ದಾರಿಯಲ್ಲಿ ಗಂಟೆಗೆ ಅರವತ್ತೈದು ಮೈಲಿಯಲ್ಲಿ ನಾಲ್ಕು ಸಾಲು ವಾಹನಗಳ ನಡುವೆ ಸೇರಿಕೊಂಡಾಗ ನಾನು ದೇವರ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಖಾಲಾ ಕಿಟಕಿಯಾಚೆ ನೋಡುತ್ತಾ ಕಡಲೆಕಾಯಿ ತಿನ್ನುತ್ತಿದ್ದರು.

ಎರಡು ವಾರದಲ್ಲಿ ಬೇರೊಂದು ವೃದ್ಧರ ಮನೆಯಲ್ಲಿ ಬೆಳಗಿನ ಪಾಳಿ ಸಿಕ್ಕಿತು. ಈಗ ಅಲ್ಲಿ ಎರಡನೆಯ ವರ್ಷ. ನಡುವೆ ನರ್ಸುಗಳ ಸಹಾಯಕಿಯ ತರಬೇತಿ ಮುಗಿಸಿದ್ದೇನೆ. ಹೆರಿಗೆ ವಾರ್ಡಿಗೆ ಎರಡು ಸಲ ಅರ್ಜಿ ಹಾಕಿದೆ, ಎರಡು ಸಲವೂ ಇಲ್ಲ ಎಂದರು. ಮೂರನೆಯ ಅರ್ಜಿ ಹೋದ ತಿಂಗಳು ಹಾಕಿದ್ದೇನೆ.

ಹಶ್ಮತ್ ಈಗಲೂ ಗೋದಾಮಿನಲ್ಲೇ ಇದ್ದಾನೆ. ಆದರೆ ಆ ಭಾನುವಾರದ ಊಟ ಅವನ ತಲೆಯಲ್ಲಿ ಕೂತಿತ್ತು. ಇಡೀ ಚಳಿಗಾಲ ಬಸೀರನ ಹಿಂದೆ ಬಿದ್ದ. "ನೀನು ಎರಡು ಸಾವಿರ ಕಟ್ತೀಯ, ನಾನು ಎರಡು ಸಾವಿರ ಕಟ್ತೀನಿ. ಇಬ್ಬರೂ ಸೇರಿದ್ರೆ ಒಂದು ಇಡೀ ಮನೆ ಬರುತ್ತೆ, ದುಡ್ಡೂ ಮಿಗುತ್ತೆ. ಊರಲ್ಲಿ ಒಂದೇ ಅಂಗಳದಲ್ಲಿ ಬೆಳೆದೋರು ನಾವು, ಇಲ್ಲೇನು ಬಂತು ದೊಡ್ಡಸ್ತಿಕೆ?" ಬಸೀರನ ಹೆಂಡತಿಗೆ ನನ್ನ ಜೊತೆ ಒಂದೇ ಅಡುಗೆಮನೆ ಹಂಚಿಕೊಳ್ಳಲು ಮನಸ್ಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಆದರೂ ಒಪ್ಪಿದೆವು. ಮೂರು ಕೋಣೆಯ ಮನೆ, ಹನ್ನೊಂದು ಜನ. ಕೊಂಡದ್ದಲ್ಲ, ಬಾಡಿಗೆಯದೇ. ಊರಿಗೆ ಕಳಿಸುವುದನ್ನು ಕಳಿಸಿದ ಮೇಲೂ ಮೊದಲ ಸಲ ತಿಂಗಳ ಕೊನೆಯಲ್ಲಿ ಒಂದಿಷ್ಟು ಉಳಿಯತೊಡಗಿತು.

ಸಾಮಾನು ಸಾಗಿಸಿದ ದಿನ ಖಾಲಾ ಬಂದರು. ಇಪ್ಪತ್ತೈದು ಪೌಂಡಿನ ಅಕ್ಕಿ ಮೂಟೆಯನ್ನು ತಾವೇ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸಿದರು. ಕೋಣೆಕೋಣೆ ನೋಡಿದರು, ಕಿಟಕಿಯ ಚಿಲಕ ಅಲ್ಲಾಡಿಸಿದರು.

"ಬಚ್ಚಲು ಎಷ್ಟು?"

"ಒಂದೇ ಖಾಲಾ."

"ಬೆಳಿಗ್ಗೆ ಯಾರು ಎಷ್ಟು ಹೊತ್ತಿಗೆ ಅಂತ ಬರೆದು ಬಾಗಿಲಿಗೆ ಅಂಟಿಸು. ಇವತ್ತೇ. ಮೊದಲನೇ ವಾರದಲ್ಲೇ ನಮ್ಮ ಓರಗಿತ್ತಿಯರು ಅದಕ್ಕೇ ಕೂದಲು ಹಿಡ್ಕೊಂಡಿದ್ರು."

ಬಸೀರನ ಹೆಂಡತಿಗೆ ಇಂಗ್ಲಿಷ್ ಬಾರದು. ಏನು ಹೇಳಿದರು ಎಂದು ಕೇಳಿದಳು. ನಾನು ಅನುವಾದಿಸಿದೆ. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಪೆಟ್ಟಿಗೆಗಳ ನಡುವೆ ಕಾಗದ, ಪೆನ್ನು ಹುಡುಕತೊಡಗಿದಳು. ಚಹಾಕ್ಕೆ ನೀರಿಡುತ್ತೇನೆಂದೆ. ಹನ್ನೊಂದಕ್ಕೆ ಪಾಠವಿದೆ, ಆ ಹುಡುಗಿ ಇನ್ನೂ ಕನ್ನಡಿ ನೋಡುವುದನ್ನೇ ಕಲಿತಿಲ್ಲ ಎಂದು ಹೇಳಿ ಖಾಲಾ ದಿಂಬುಗಳನ್ನು ಸರಿಮಾಡಿಕೊಂಡು ಕಾರು ಹತ್ತಿದರು.